ಕಷ್ಟದ ಕಾದಂಬರಿ ಕೇಳುವ ಮಕ್ಕಳಿಗೆ



‘ಕರ್ವಾಲೊ’ ಮುಗಿಸಿದೆ, ಇನ್ನೂ ಕಷ್ಟದ್ದು ಕೊಡಿ ಎನ್ನುವ ಮಕ್ಕಳು ನಮ್ಮ ಶಾಲೆಯಲ್ಲೂ ಇದ್ದಾರೆ. ‘ನಿನ್ನ ವಯಸ್ಸಿಗಲ್ಲ’ ಎಂದು ಅವರೆದುರು ಬೀರುವಿಗೆ ಬೀಗ ಹಾಕಬೇಡಿ.

ನಾನಾದರೆ ಮೊದಲು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೊಡುತ್ತೇನೆ. 1967ರ ಈ ಕಾದಂಬರಿ ಬಲು ದಪ್ಪ. ಒಬ್ಬನೇ ನಾಯಕನಿಲ್ಲ, ಹೆಸರುಗಳು ಗೋಜಲಾಗುತ್ತವೆ. ಯಾರು ಯಾವ ಮನೆಯವರೆಂದು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಳ್ಳುತ್ತಾ ಓದಲಿ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆದರೆ ಕಾಡಿನೊಳಕ್ಕೆ ದಾರಿ ಸಿಗುತ್ತದೆ. (ಹುಲಿಯನಿಗೆ ಕೊನೆಗೆ ಏನಾಯಿತೆಂದು ಮೊದಲೇ ಹೇಳಿಬಿಡಬೇಡಿ.)

ದೇವನೂರ ಮಹಾದೇವರ ‘ಕುಸುಮಬಾಲೆ’ ತೆಳ್ಳಗಿದೆ, ಆದರೆ ಇನ್ನೂ ಕಠಿಣ. ನಂಜನಗೂಡು ಸೀಮೆಯ ಆಡುಮಾತು. ದೀಪಗಳೂ ಅಲ್ಲಿ ಮಾತಾಡುತ್ತವೆ. ಮನಸ್ಸಿನಲ್ಲೇ ಓದಿದರೆ ತೊಡಕು, ಗಟ್ಟಿಯಾಗಿ ಓದಿದರೆ ಅರ್ಧ ಸಿಕ್ಕು ತಾನೇ ಬಿಡುತ್ತದೆ. ಜಾತಿ ಮೀರಿದ ಪ್ರೀತಿಗಾಗಿ ನಡೆದ ಕೊಲೆ ಅದರಲ್ಲಿದೆ. ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮೇಷ್ಟ್ರೇ, ತಾಯ್ತಂದೆಯರೇ, ತಪ್ಪಿಸಿಕೊಳ್ಳದೆ ಕೂತು ಮಾತಾಡಿ.

ವಾದ ಮಾಡುವ ಹುಡುಗರಿಗೆ ಕಾರಂತರ ‘ಮೂಕಜ್ಜಿಯ ಕನಸುಗಳು’. ಅಜ್ಜಿ ದೇವರನ್ನೂ ಸುಮ್ಮನೆ ಬಿಡುವುದಿಲ್ಲ.

ಮೂರರದ್ದೂ ಎರಡೆರಡು ಪ್ರತಿ ತಂದಿದ್ದೇನೆ. ಆಫೀಸಿನ ಮೇಜಿನ ಮೇಲಿವೆ. ಬೇಕಾದವರು ಇವತ್ತೇ ಹೆಸರು ಬರೆಸಿ ಒಯ್ಯಿರಿ.