ಅಂಬರನಾಥದ ಕರಿಗಲ್ಲಿನ ನೆನಪು



ಶಿವರಾತ್ರಿಗೆ ನಮ್ಮವರು ಅನೇಕರು ಅಂಬರನಾಥದ ಶಿವಾಲಯಕ್ಕೆ ಹೋಗುತ್ತೀರಿ. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಶಿಲಾಹಾರರು ಕಟ್ಟಿಸಿದ ಗುಡಿ ಅದು. ಅಲ್ಲಿನ ಶಾಸನ ಕ್ರಿ.ಶ. 1060ರದು. ಗುಡಿಯ ಕರಿಗಲ್ಲು ಬಸಾಲ್ಟ್. ಇದೇ ಜಾತಿಯ ಕಲ್ಲು ನಮ್ಮ ವಿಜಯಪುರ, ಕಲಬುರಗಿಯವರೆಗೂ ಹಬ್ಬಿದೆ.

ಕಳೆದ ಸಲ ಅಲ್ಲಿ ಮೊಮ್ಮಗ ಕೇಳಿದ: "ಅಜ್ಜಾ, ಕಲ್ಲಿಗೆ ಮ್ಯಾಗ್ನೆಟ್ ಹಿಡಿಯುತ್ತಾ?"

ಹಿಡಿಯುತ್ತದೆ; ಆದರೆ ಎಲ್ಲ ಕಲ್ಲಿಗೂ ಒಂದೇ ತೆರನಾಗಿ ಅಲ್ಲ. ಬೆರಿಲ್ ಎಂಬ ಖನಿಜ ಶುದ್ಧವಾಗಿದ್ದರೆ ಅದಕ್ಕೆ ಬಣ್ಣವಿಲ್ಲ, ಅಯಸ್ಕಾಂತದ ಸೆಳೆತವೂ ಇಲ್ಲ. ಅದರೊಳಗೆ ಚೂರು ಕಬ್ಬಿಣ ಬೆರೆತರೆ ತಿಳಿನೀಲಿಯ ಅಕ್ವಾಮರೀನ್ ರತ್ನವಾಗುತ್ತದೆ. ಅದನ್ನು ಥರ್ಮೊಕೋಲ್ ತುಂಡಿನ ಮೇಲಿಟ್ಟು ನೀರಿನಲ್ಲಿ ತೇಲಿಬಿಟ್ಟು, ಬಲವಾದ ಅಯಸ್ಕಾಂತ ಹತ್ತಿರ ತಂದರೆ ಮೆಲ್ಲಗೆ ಅತ್ತ ಸರಿಯುತ್ತದೆ. ಕಬ್ಬಿಣದ ಒಂದೊಂದು ಪರಮಾಣುವೂ ಪುಟ್ಟ ಅಯಸ್ಕಾಂತವೇ. ಆದರೆ ಇಲ್ಲಿ ಅವು ಚದುರಿ ಕೂತಿವೆ. ಹೊರಗಿನ ಅಯಸ್ಕಾಂತ ದೂರ ಹೋದೊಡನೆ ದಿಕ್ಕು ಮರೆಯುತ್ತವೆ.

ಬಸಾಲ್ಟಿನ ಕಥೆ ಬೇರೆ. ಅದರಲ್ಲಿ ಸ್ವಲ್ಪ ಕಬ್ಬಿಣ ಮ್ಯಾಗ್ನೆಟೈಟ್ ಎಂಬ ಸಣ್ಣ ಹರಳುಗಳಾಗಿ ಒಟ್ಟುಗೂಡಿದೆ. ಇಲ್ಲಿ ನೆರೆಹೊರೆಯ ಪರಮಾಣುಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ತಣ್ಣಗಾದಾಗ, ಅಂದಿನ ಭೂಕಾಂತದ ದಿಕ್ಕು ಈ ಹರಳುಗಳಲ್ಲಿ ಅಚ್ಚೊತ್ತಿತು.

ಆ ಅಚ್ಚನ್ನು ಓದುವುದು ಹೇಗೆ? ತಡೆಯಿಲ್ಲದೆ ತೂಗುವ ಕಾಂತಸೂಚಿ ಸಮಭಾಜಕದ ಬಳಿ ಅಡ್ಡವಾಗಿ ಮಲಗುತ್ತದೆ. ಧ್ರುವದತ್ತ ಹೋದಂತೆ ನೆಟ್ಟಗಾಗುತ್ತದೆ. ಕಲ್ಲಿನಲ್ಲಿ ಉಳಿದ ವಾಲುವಿಕೆ ಅದು ಹುಟ್ಟಿದ ಅಕ್ಷಾಂಶ ಹೇಳುತ್ತದೆ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ವಿಜ್ಞಾನಿಗಳು ದಖ್ಖನ್ನಿನ ಕಲ್ಲುಗಳನ್ನು ಅಳೆದು ಪ್ರಕಟಿಸಿದರು. ಈ ಕಲ್ಲುಗಳು ಹುಟ್ಟಿದ್ದು ಸಮಭಾಜಕದ ದಕ್ಷಿಣಕ್ಕೆ! ಭೂಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಬಹುಮಂದಿ ಭೂವಿಜ್ಞಾನಿಗಳು ಒಪ್ಪದಿದ್ದ ಕಾಲ ಅದು.

ನೀವೂ ಪರೀಕ್ಷಿಸಬಹುದು. ಗುಡಿಯ ಕಲ್ಲನ್ನು ಮಾತ್ರ ಕೆರೆಯಬೇಡಿ. ಅದು ಸಂರಕ್ಷಿತ ಸ್ಮಾರಕ. ಇಲ್ಲಿನವರು ಖಡಿ ಎನ್ನುವ ರಸ್ತೆಯ ಕರಿ ಜಲ್ಲಿಯ ಪುಡಿಯನ್ನು ಕಾಗದದ ಮೇಲೆ ಹರಡಿ, ಕೆಳಗೆ ಅಯಸ್ಕಾಂತ ಆಡಿಸಿ. ಕರಿ ಕಣಗಳು ಅದರ ಹಿಂದೆಯೇ ಓಡುತ್ತವೆ.

ಹೊಟ್ಟೆಪಾಡಿಗೆ ಊರು ಬಿಟ್ಟು ಇಲ್ಲಿಗೆ ಬಂದವರು ನಾವು. ಕಾಲಡಿಯ ಕಲ್ಲೂ ವಲಸೆ ಬಂದದ್ದೇ. ಹುಟ್ಟಿದ ಜಾಗವನ್ನು ಅದಿನ್ನೂ ಮರೆತಿಲ್ಲ.