ಬಿಡಿಸ್ಕೊಳ್ಳೋದು ಅಂದ್ರೆ ಏನು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸರ್ಕಾರಿ ಕಾಗದದಲ್ಲಿ 'ಹಿಂಪಡೆಯುವುದು' ಅಂತ ಬರೀತಾರೆ. ನಮ್ಮ ಕೇರಿಗಳಲ್ಲಿ ಆ ಮಾತು ಯಾರ ಬಾಯಲ್ಲೂ ಇಲ್ಲ. ನಾವು ಅನ್ನೋದು 'ಬಿಡಿಸ್ಕೊಳ್ಳೋದು'. ಅಡ ಇಟ್ಟ ಓಲೆ ಬಿಡಿಸ್ಕೊಂಡ್ವಿ, ಜಮೀನು ಬಿಡಿಸ್ಕೋಬೇಕು ಅಂತೀವಿ.

ಇದನ್ನ ಒಡೆದು ನೋಡಿದರೆ ಮೂರು ತುಂಡು: ಬಿಡು, ಇಸು, ಕೊಳ್ಳು. 'ಬಿಡು' ಹಳೇ ದ್ರಾವಿಡ ಮಾತು. ತಮಿಳರ 'ವಿಡು' ನಮ್ಮಲ್ಲಿ 'ಬಿಡು'. 'ಇಸು' ಸೇರಿದರೆ ಇನ್ನೊಬ್ಬ ಬಿಡುವಂತೆ ಮಾಡೋದು. 'ಕೊಳ್' ಅಂದರೆ ತೆಗೆದುಕೊಳ್ಳುವುದು, ಹಳಗನ್ನಡದಲ್ಲೂ ಅದೇ. ಅಂದರೆ ಹಿಡಿದವನು ಬಿಡುವಂತೆ ಮಾಡಿ ತನ್ನದಾಗಿಸಿಕೊಳ್ಳೋದು. ಹಿಡಿದವನೊಬ್ಬ ಇದ್ದಾನೆ ಅನ್ನೋದು ಈ ಮಾತಿನ ಹೊಟ್ಟೆಯಲ್ಲೇ ಇದೆ. 'ಹಿಂಪಡೆ'ಯಲ್ಲಿ ಆ ಮನುಷ್ಯ ಕಾಣೋದೇ ಇಲ್ಲ. ಪಂಡಿತರಿಗಿಂತ ನಮ್ಮ ಅವ್ವಂದಿರ ಮಾತೇ ನೇರ.

'ಕೊಳ್ಳು' ತೆಗೆದುಹಾಕಿ, ಏನಾಗುತ್ತೆ? 'ಇಸ್ಕೂಲು ಬಿಡಿಸಿ ಜೀತಕ್ಕಿಟ್ಟರು.' ಬಿಡಿಸಿದ್ದೇನೋ ಆಯ್ತು, ಹುಡುಗನ ಪಾಲಿಗೆ ಏನು ಬಂತು? 1976ರ ಕಾಯ್ದೆ ಜೀತ ಪದ್ಧತಿ ರದ್ದು ಮಾಡಿತು. 'ಜೀತ ಬಿಡಿಸಿದೆವು' ಅಂದವರನ್ನೂ ನಾವು ಇದನ್ನೇ ಕೇಳಬೇಕು.

ಇನ್ನು ಜಮೀನಿನ ವಿಚಾರ. ಅಡವಿನ ಒಡವೆ ಬಿಡಿಸ್ಕೊಳ್ಳೋಕೆ ದುಡ್ಡು ಕಟ್ಟಬೇಕು. ಅದೇ ಲೆಕ್ಕ ಹಿಡಿದು ನಮ್ಮ ಹಿರಿಯರು ಮಂಜೂರಾತಿ ಜಮೀನಿಗೂ 'ದುಡ್ಡೆಲ್ಲಿಂದ ತರಾನ ಮಗ' ಅಂತ ಸುಮ್ಮನಾಗ್ತಾರೆ. ಇಲ್ಲಿ ಆ ಲೆಕ್ಕವೇ ಬೇರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಮಂಜೂರಾತಿಯ ಷರತ್ತು ಮುರಿದು, ಅಥವಾ ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, ಅದು ಮಾರಾಟವೇ ಅಲ್ಲ ಅನ್ನುತ್ತೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಅದು ಜಾರಿಗೆ ಬಂದದ್ದು 1979ರ ಜನವರಿ 1ರಂದು. ಅಸಿಸ್ಟೆಂಟ್ ಕಮಿಷನರು ಹಿಡಿದವನಿಂದ ಬಿಡಿಸಿ ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಒಪ್ಪಿಸಬೇಕು. ಕೊಂಡವನಿಗೆ ನಾವು ಬಿಡಿಗಾಸು ಎಣಿಸಬೇಕಿಲ್ಲ.

1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನ ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಅಂತು. ಅಕ್ಷರವನ್ನೇ ಮುಟ್ಟಗೊಡದೆ ಇಟ್ಟ ಜನಕ್ಕೆ ತಡ ಆಗದೆ ಇನ್ನೇನಾಗುತ್ತೆ ಸ್ವಾಮಿ? 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂತ ಸೇರಿಸಿತು. ಅದರ ಮೇಲೂ ಕೋರ್ಟಿನಲ್ಲಿ ತಕರಾರು ಎದ್ದಿದೆ. ಆದ್ದರಿಂದ ಕೂತು ಕಾಯೋದು ಬೇಡ.

ರಜಕ್ಕೆ ಊರಿಗೆ ಹೋದಾಗ ಟ್ರಂಕಿನ ತಳದಲ್ಲಿ ಸಾಗುವಳಿ ಚೀಟಿ ಇದೆಯಾ ನೋಡಿ. ಇಲ್ಲದಿದ್ದರೆ ತಾತನ ಹೆಸರು, ಸರ್ವೆ ನಂಬರು, ಈಗ ಉಳುತ್ತಿರುವವನು ಯಾರು, ಇಷ್ಟು ಬರೆದುಕೊಂಡು ಬನ್ನಿ. ಅರ್ಜಿಯನ್ನ ಇದೇ ಹಾಲಿನಲ್ಲಿ ಕೂತು ಬರೆಯೋಣ.