ಮೂವತ್ತರಿಂದ ನಾಲ್ವತ್ತರವರೆಗೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಷಟ್‌ಸ್ಥಲಗಳನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಶ್ರೀ ಸನ್ನಿಧಿಯವರಿಂದ ನನಗೆ ಅಪ್ಪಣೆಯಾಗಿದ್ದಿತು. ಅದಕ್ಕಾಗಿ ಒಂದು ಟಿಪ್ಪಣಿಯನ್ನೂ ಬರೆದುಕೊಂಡಿದ್ದೆನು. ಆದರೆ ಹೋದ ಶ್ರಾವಣದಲ್ಲಿ ಒಬ್ಬ ತರುಣನು ನನ್ನನ್ನು ಕೇಳಿದ ಪ್ರಶ್ನೆಯು ಆ ಟಿಪ್ಪಣಿಯನ್ನು ಬದಿಗೆ ಸರಿಸಿಬಿಟ್ಟಿತು. ಸನ್ನಿಧಿಯವರ ಅನುಮತಿಯನ್ನು ಪಡೆದೇ ವಿಷಯವನ್ನು ಬದಲಿಸಿದ್ದೇನೆ.

ಆ ತರುಣನು ನಮ್ಮ ಮಠದ ಶಿಷ್ಯ ಮನೆತನದವನು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗ. ಸೋಮವಾರದ ಪೂಜೆ ಮುಗಿದು ಜನರು ಪ್ರಸಾದಕ್ಕೆ ಹೋದ ಮೇಲೆ ಗ್ರಂಥಭಂಡಾರದ ಬಾಗಿಲಲ್ಲಿ ಬಂದು ನಿಂತನು. "ಶಾಸ್ತ್ರಿಗಳೇ, ಮೂವತ್ನಾಲ್ಕು ನಡದೈತ್ರಿ. ಅಪ್ಪ ಅವ್ವ ಹುಬ್ಬಳ್ಳ್ಯಾಗ ಇಬ್ಬರೇ ಅದಾರ. ಹುಡುಗನ ಸಾಲಿ ಬೆಂಗಳೂರಾಗ. ನೌಕರಿಯೊಳಗ ಈಗ ಹಿಂದ ಉಳಿದರ ಮುಂದ ಬರೂದಾಗಂಗಿಲ್ಲ. ಲಿಂಗಪೂಜಾ ಅಂತೂ ನಿಂತೇ ಹೋಗೈತಿ. ಮೊದಲ ಯಾವದನ್ನ ನೋಡ್ಲಿ, ನೀವ ಹೇಳ್ರಿ" ಎಂದನು. ನಾನು ಕೂಡಲೆ ಉತ್ತರ ಹೇಳಲಿಲ್ಲ. ಹೇಳುವ ಯೋಗ್ಯತೆಯು ನನಗಿರುವದೋ ಇಲ್ಲವೋ ಎಂಬ ಸಂಶಯವು ಹುಟ್ಟಿತು. ಅದರ ಕಾರಣವನ್ನು ಮುಂದೆ ಅರಿಕೆ ಮಾಡಿಕೊಳ್ಳುವೆನು.

ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳೆಂಬ ಕ್ರಮವನ್ನು ನಾವೆಲ್ಲರೂ ಬಲ್ಲೆವು. ಈ ಕ್ರಮದಂತೆ ನಡೆಯುವವನಿಗೆ ತರುಣನ ಪ್ರಶ್ನೆಯೇ ಹುಟ್ಟಲಾರದು. ಈಗ ಸಂಸಾರ, ಆಮೇಲೆ ಸಾಧನೆ. ನಮ್ಮ ಶರಣರಾದರೋ ಈ ಸಾಲನ್ನು ಒಪ್ಪಲಿಲ್ಲ. ಹಸುಗೂಸಿಗೇ ಲಿಂಗಧಾರಣೆಯಾಗುವ ಮತದಲ್ಲಿ ಮುಪ್ಪಿಗೆಂದು ಕಾದಿರಿಸಿದ ಧರ್ಮವೆಂಬುದೇ ಇಲ್ಲ. ಕಲ್ಯಾಣದಲ್ಲಿ ನೆರೆದವರು ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಕಟ್ಟಿಗೆ ಹೊರುವವರು, ಮನೆ ಮಕ್ಕಳಿದ್ದವರು. ಅಂಥವರ ವಂಶದವರೆಂದು ಹೇಳಿಕೊಳ್ಳುವ ನಾವು ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾಗುವದು. ಇದು ಸುಲಭವೆಂದು ನಾನು ಹೇಳುತ್ತಿಲ್ಲ.

ಇಂಥಲ್ಲಿ ನಾವು ಸಾಮಾನ್ಯವಾಗಿ ಮಹಾಪುರುಷರ ಹೆಸರುಗಳನ್ನು ಹೇಳುವೆವು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು 1867ರಲ್ಲಿ ಹುಟ್ಟಿದವರು. ಇದೇ ಧಾರವಾಡದಲ್ಲಿ 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನವನ್ನು ಕೂಡಿಸಿದಾಗ ಅವರಿನ್ನೂ ನಾಲ್ವತ್ತು ಮುಟ್ಟಿರಲಿಲ್ಲ. ಮಲಪ್ರಭೆಯ ತೀರದ ಶಿವಯೋಗಮಂದಿರವು ಐದು ವರ್ಷಗಳ ತರುವಾಯ, 1909ರಲ್ಲಿ. ಆದರೆ ಅವರು ವಿರಕ್ತರು. ಮಗನ ಸಾಲೆಯ ಚಿಂತೆ ಅವರಿಗಿರಲಿಲ್ಲ. ಆದಕಾರಣ ಆ ತರುಣನಿಗೆ ಅವರ ಉದಾಹರಣೆಯನ್ನು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ. ಸಂಸಾರಿಗೆ ಸಂಸಾರಿಯನ್ನೇ ತೋರಿಸಬೇಕು.

ಅಂಥವರೊಬ್ಬರು ನಮ್ಮ ಊರಲ್ಲಿಯೇ ಹುಟ್ಟಿದರು. ಫ. ಗು. ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡರು. ಮುಂಬಯಿಯಲ್ಲಿ ಓದಿ, 1904ರಲ್ಲಿ ಅಂದು ವಿಜಾಪುರವೆನಿಸಿದ್ದ ಇಂದಿನ ವಿಜಯಪುರಕ್ಕೆ ಹೋಗಿ ವಕೀಲಿಯನ್ನು ಹೂಡಿದರು. ಅವರನ್ನು ನಾವು ವಚನಪಿತಾಮಹರೆಂದು ಕೈಮುಗಿಯುವೆವು. ಆ ಹೆಸರನ್ನು ಕೇಳಿದೊಡನೆ ಕಣ್ಣ ಮುಂದೆ ಬರುವದು ಒಂದು ವೃದ್ಧಮೂರ್ತಿ. ಅವರ ಮೂವತ್ತರಿಂದ ನಾಲ್ವತ್ತರವರೆಗಿನ ಹತ್ತು ವರ್ಷಗಳನ್ನು ನೋಡಿದವರು ಕಡಿಮೆ. 1910ರಲ್ಲಿ, ಮೂವತ್ತು ತುಂಬುವ ವರ್ಷ, ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. 1920ರಲ್ಲಿ, ನಾಲ್ವತ್ತು ತುಂಬುವ ವರ್ಷ, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ. ನಡುವೆ ಕೋರ್ಟಿನ ಕೆಲಸ, ಊರವರ ಕೆಲಸ. ಇವುಗಳಲ್ಲಿ ವಚನ ಎಲ್ಲಿ ಬಂದಿತು? ಮನೆ ಮನೆಗಳ ಜಗುಲಿಯ ಮೇಲೆ ಪೂಜೆಗೊಂಡು ಹುಳು ಹಿಡಿಯುತ್ತಿದ್ದ ತಾಡವೋಲೆಗಳನ್ನು ಅವರು ಬೇಡಿ ತಂದು ಓದಿ ಪ್ರತಿ ಮಾಡಿಸಿದ್ದು ಈ ಗದ್ದಲದ ಸಂದುಗಳಲ್ಲಿಯೇ. ವಚನಶಾಸ್ತ್ರಸಾರದ ಮೊದಲ ಭಾಗವು ಅಚ್ಚಾಗಿ ಹೊರಬಂದುದು 1923ರಲ್ಲಿ, ನಾಲ್ವತ್ತಮೂರನೆಯ ವರ್ಷದಲ್ಲಿ. ಮೂವತ್ತರ ಪ್ರಾಯದಲ್ಲಿ ಯಾರಾದರೂ ಅವರ ಬಳಿಗೆ ಹೋಗಿ "ನಿಮ್ಮ ಜೀವನದ ಮುಖ್ಯ ಕಾರ್ಯ ಯಾವದು?" ಎಂದು ಕೇಳಿದ್ದರೆ ಏನು ಹೇಳುತ್ತಿದ್ದರೋ! ಆಗ ಯಾವ ಕೆಲಸವು ಬೀಜ, ಯಾವದು ಹೊಟ್ಟು ಎಂಬುದು ಬಿತ್ತುವವನಿಗೂ ತಿಳಿಯದು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತಾದೀತು. ಮನೆಯನ್ನು ಮಾರಿ, ಬಂದ ಹಣದಿಂದ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರೆಂಬುದನ್ನು ನಾವು ಪ್ರತಿಯೊಂದು ಜಯಂತಿಯಲ್ಲಿಯೂ ಹೇಳಿ ಚಪ್ಪಾಳೆ ತಟ್ಟುವೆವು. ಆ ಮನೆಯು ಒಬ್ಬರದೇ ಆಗಿದ್ದಿತೇ? ಅದರ ಒಲೆಯ ಮುಂದೆ ಕುಳಿತವರು ಭಾಗೀರಥಿಬಾಯಿಯವರು. ಯಜಮಾನರ ತ್ಯಾಗವು ನಮ್ಮ ಸ್ಮರಣಗ್ರಂಥಗಳಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗುವದು. ಆ ತಾಯಿಯ ಹೆಸರಿಗಾಗಿ ಪುಟ ತಿರುವಿ ಹುಡುಕಬೇಕಾಗುವದು. ಈ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಆದರೂ ಮಹೋತ್ಸವದ ಸಭೆಯಲ್ಲಿ ಆಡದಿದ್ದರೆ ಇನ್ನೆಲ್ಲಿ ಆಡಬೇಕು?

ಶರಣರಿಗೆ ಈ ಮರೆವು ಇರಲಿಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿದಳು. ಮೂವತ್ತರ ಪ್ರಾಯವು ಹೆಚ್ಚು ಅಕ್ಕಿ ತರುವ ಪ್ರಾಯ. ಸಂಬಳ, ನಿವೇಶನ, ಪದವಿ, ವಿದ್ಯೆ ಕೂಡ; ಎಲ್ಲವನ್ನೂ ನಾಳೆಗೆಂದು ಉಡಿಯಲ್ಲಿ ತುಂಬಿಕೊಳ್ಳುವೆವು. ಮನೆಯಲ್ಲಿ ಲಕ್ಕಮ್ಮನಿದ್ದರೂ ಅವಳ ಮಾತನ್ನು ಕೇಳುವಷ್ಟು ವ್ಯವಧಾನವು ನಮ್ಮ ಮಾರಯ್ಯರಿಗೆ ಇರಬೇಕಲ್ಲ!

ಈಗ ನನ್ನ ಸಂಗತಿ. 2005ರಲ್ಲಿ ನನಗೆ ಮೂವತ್ತೈದು ವರ್ಷ. ಎಂಟನೆಯ ವಯಸ್ಸಿಗೆ ಊರನ್ನು ಬಿಟ್ಟು ಪಾಠಶಾಲೆಯನ್ನು ಸೇರಿದವನು ನಾನು. ತಂದೆಯವರು ನವಲಗುಂದದ ಕಡೆಯ ಎರೆಭೂಮಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಆ ವರ್ಷ ಭಂಡಾರದ ಒಂದು ಓಲೆಗಟ್ಟು ನನ್ನ ಕೈಗೆ ಬಂದಿತು. ಅದು ಒಂದು ವಚನವ್ಯಾಖ್ಯಾನ. ಮೊದಲ ಗರಿಗಳೂ ಕೊನೆಯ ಗರಿಗಳೂ ನಷ್ಟವಾಗಿ ಕರ್ತೃವಿನ ಹೆಸರು ಸಹ ತಿಳಿಯದು. ಎಣ್ಣೆ ಸವರಿ, ಕಾಡಿಗೆ ತೀಡಿ, ಅಕ್ಷರವೆಬ್ಬಿಸಿ ಬರೆದುಕೊಳ್ಳತೊಡಗಿದೆನು. ಅದೇ ಸಂಕ್ರಮಣಕ್ಕೆ ತಂದೆಯವರು ಹಾಸಿಗೆ ಹಿಡಿದರು. ನನ್ನ ಧರ್ಮಪತ್ನಿಯು ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು ಹೋಗಿ ಮಾವನವರ ಶುಶ್ರೂಷೆಗೆ ನಿಂತಳು. ನಾನು ಶಿವರಾತ್ರಿಗೆ ಬರುವೆನೆಂದೆನು, ಹೋಗಲಿಲ್ಲ. ಯುಗಾದಿಗೆ ಎಂದೆನು, ಹೋಗಲಿಲ್ಲ. ಹುಬ್ಬಳ್ಳಿಯ ಮೇಲೆ ಹಾಯ್ದರೂ ಅರ್ಧ ದಿನದ ದಾರಿಯಲ್ಲ. ಯಾರೂ ನನ್ನನ್ನು ತಡೆದಿರಲಿಲ್ಲ. ಓಲೆಯು ನಶಿಸುವದು, ಧರ್ಮಕಾರ್ಯವು ಮೊದಲು ಎಂದು ನನಗೆ ನಾನೇ ವ್ಯವಸ್ಥೆ ಕೊಟ್ಟುಕೊಂಡಿದ್ದೆನು. ನಾನೂರು ವರ್ಷ ಕಾದ ಓಲೆಯು ಇನ್ನೊಂದು ತಿಂಗಳು ಕಾಯಲಾರದೆಂದೂ, ಎಪ್ಪತ್ತೆಂಟರ ತಂದೆಯು ಕಾಯುವನೆಂದೂ ತಿಳಿದ ಪಾಂಡಿತ್ಯವದು.

ಬಸವ ಜಯಂತಿಯಾದ ಮೇಲೆ ಹೋದೆನು. ತಡವೇಕೆಂದು ತಂದೆಯವರು ಕೇಳಲಿಲ್ಲ. "ಏನ ಬರದಿ, ಓದು" ಎಂದರು. ಪ್ರತಿಯನ್ನು ತೆಗೆದು ಓದುತ್ತ ಹೋದೆನು. ಅದರಲ್ಲಿ ಉಳುವವನ ದೃಷ್ಟಾಂತ ಒಂದುಂಟು. ಹಳೆಯ ಓಲೆಗಳಲ್ಲಿ ಎಕಾರ ಏಕಾರಗಳಿಗೆ ಭೇದವಿಲ್ಲವೆಂಬುದನ್ನು ಓಲೆ ಓದಿದವರು ಬಲ್ಲರು. ಅಲ್ಲಿ 'ಮೆಳಿ' ಎಂದಿದ್ದಿತು. ಲಿಪಿಕಾರನ ತಪ್ಪೆಂದು ಬಗೆದು ನಾನು ಅದನ್ನು 'ಮೆಳೆ' ಎಂದು ತಿದ್ದಿ, ಬಿದಿರಮೆಳೆಯೆಂದರೆ ಸಂಸಾರದ ಪೊದರು ಎಂದು ಅರ್ಧ ಪುಟದ ಟಿಪ್ಪಣಿಯನ್ನು ಬರೆದಿದ್ದೆನು. ಕಣ್ಣು ಮುಚ್ಚಿ ಕೇಳುತ್ತಿದ್ದ ತಂದೆಯವರು ಕೈಯೆತ್ತಿದರು. "ಮೆಳಿ ಅಲ್ಲೋ ತಮ್ಮಾ, ಮೇಳಿ. ಮೆಳಿಯೊಳಗ ಕೈ ಇಟ್ಟರ ಮುಳ್ಳು ಚುಚ್ಚತಾವ. ಮೇಳಿ ಹಿಡದರ ನೇಗಿಲ ನಡೀತೈತಿ" ಎಂದರು. ನೇಗಿಲಿನ ಹಿಡಿ! ಎಂಟು ವರ್ಷದವನಾಗುವವರೆಗೆ ಅವರ ಹಿಂದೆ ಹೊಲದಲ್ಲಿ ಅಡ್ಡಾಡಿದವನಿಗೆ ಆ ಶಬ್ದ ಹೊಳೆಯಲಿಲ್ಲ. ನಿಘಂಟುಗಳನ್ನು ತಿರುವುತ್ತ ಅದೊಂದು ಮಾತಿಗೆ ಇಪ್ಪತ್ತು ದಿನ ಕಳೆದಿದ್ದೆನು.

ಹನ್ನೊಂದು ದಿನ ಅಲ್ಲಿದ್ದೆನು. ಇನ್ನೂ ಆರೇಳು ಕಡೆ ಅವರು ತಿದ್ದಿದರು. ಒಂದೆರಡು ಕಡೆ ಅವರದೂ ತಪ್ಪು, ಅದನ್ನು ನಾನು ಹೇಳಲಿಲ್ಲ. ಮಠದ ಪಾಠಗಳು ಆರಂಭವಾಗುವವೆಂದು ಹೊರಟುಬಂದೆನು. ಕಾರಹುಣ್ಣಿಮೆಯು ಬರುವದಕ್ಕೆ ಮುಂಚೆಯೇ ಅವರು ಲಿಂಗೈಕ್ಯರಾದರು. ಅವರ ಕೊನೆಯ ದಿನಗಳ ಮಾತುಗಳು ಯಾವುವೆಂದು ನಾನು ಹೆಂಡತಿಯನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. ಮಾವನವರು ಹಾಡುತ್ತಿದ್ದ ಎಷ್ಟೋ ತತ್ತ್ವಪದಗಳು ಅವಳಿಗೆ ಬರುತ್ತವೆ, ನನಗೆ ಬರುವದಿಲ್ಲ. ಮಗಳಿಗೂ ಎರಡು ಮೂರು ಬರುತ್ತವೆ. ಈ ಇಪ್ಪತ್ತು ವರ್ಷಗಳಲ್ಲಿ ಅವಳು ಇದನ್ನೆತ್ತಿ ಒಮ್ಮೆಯೂ ನನ್ನನ್ನು ಆಡಿಕೊಂಡಿಲ್ಲ. ಆಡಿಕೊಂಡಿದ್ದರೆ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಇಂಥವನು ಆ ತರುಣನಿಗೆ 'ಇದು ಮೊದಲು, ಅದು ಆಮೇಲೆ' ಎಂದು ಪಟ್ಟಿ ಬರೆದುಕೊಡುವದು ಹೇಗೆ? ನೌಕರಿಯನ್ನು ಬಿಡು ಎಂದು ನಾನು ಹೇಳಲಿಲ್ಲ. ತಾಯಿತಂದೆಗಳನ್ನು ಬೆಂಗಳೂರಿಗೆ ಕರೆದೊಯ್ಯೆಂದೂ ಹೇಳಲಿಲ್ಲ. ಹಳಕಟ್ಟಿಯವರ ಹತ್ತು ವರ್ಷಗಳ ಲೆಕ್ಕವನ್ನು ಹೇಳಿದೆನು. ಬಳಿಕ ಕಪಾಟನ್ನು ತೆಗೆದು 2005ರ ಆ ಪ್ರತಿಯನ್ನು ಅವನ ಕೈಯಲ್ಲಿಟ್ಟೆನು. 'ಮೆಳೆ' ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು ಮೇಲೆ 'ಮೇಳಿ' ಎಂದು ಬರೆದ ಗುರುತು ಅದರಲ್ಲಿ ಈಗಲೂ ಇದೆ. ಅರ್ಧ ಪುಟದ ಟಿಪ್ಪಣಿಯ ಮೇಲೆಯೂ ಒಂದು ಅಡ್ಡಗೀಟು ಇದೆ. ಅವನು ಬಹಳ ಹೊತ್ತು ಅದನ್ನು ನೋಡಿದನು. "ಸಂಜೀ ಗಾಡಿಗೆ ಹೋಗಬೇಕಂತ ಟಿಕೀಟ ತಗಸೇನ್ರಿ" ಎಂದನು. ಸ್ವಲ್ಪ ತಡೆದು, "ನಾಳಿಗೆ ಮಾಡಸ್ತೇನಿ" ಎಂದು ಹುಬ್ಬಳ್ಳಿಯ ಬಸ್ಸು ಹತ್ತಲು ಹೋದನು.